ಹೊಯಿಗೆ ಮೇಲಿನ ಲೋಳೆ

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿಗೆ ನೆರೆ ಬಂತಲ್ಲ, ಆಗ ನಮ್ಮನೆ ಬಾವಿಗೂ ಕೆಂಪು ನೀರು ನುಗ್ಗಿತು. ಬಾವಿ ಸರಿಯಾಗುವವರೆಗೆ ಇರಲಿ ಅಂತ ಒಂದು ಡ್ರಮ್ಮಿನ ಅಡಿಗೆ ಜಲ್ಲಿ, ಅದರ ಮೇಲೆ ತೊಳೆದ ಹೊಯಿಗೆ (ಘಟ್ಟದ ಮೇಲಿನವರಿಗೆ ಮರಳು!) ತುಂಬಿಸಿ ನೀರು ಸೋಸತೊಡಗಿದೆ. ನೀರು ತಿಳಿಯಾಗಿ ಬಂತು. ನನಗೋ ಭಾರೀ ಹೆಮ್ಮೆ. ಅಮ್ಮ ಮಾತ್ರ "ಕುದಿಸದೆ ಯಾರೂ ಕುಡಿಯುವುದು ಬೇಡ" ಅಂದುಬಿಟ್ಟರು.

ಹೊಯಿಗೆ ಮೇಲೆ ತೆಳ್ಳಗೆ ಲೋಳೆ ಕಟ್ಟುತ್ತಿತ್ತು. ಕೊಳಕು ಅಂತ ವಾರಕ್ಕೊಮ್ಮೆ ಅದನ್ನು ತೊಳೆದು ಚೆಲ್ಲುತ್ತಿದ್ದೆ. ಆಮೇಲೆ ಇದರ ಇತಿಹಾಸ ಓದುವಾಗ ಗೊತ್ತಾಯಿತು, ನಾನು ಚೆಲ್ಲುತ್ತಿದ್ದದ್ದು ಅದರ ಜೀವವನ್ನೇ!

1804ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನ ಜಾನ್ ಗಿಬ್ ಎಂಬಾತ ತನ್ನ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಗೆಂದು ಮರಳಿನಲ್ಲಿ ನೀರು ಸೋಸಿದ. ಮಿಕ್ಕಿದ್ದನ್ನು ಊರಿನವರಿಗೆ ಮಾರಿದ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸೀ ಕಂಪೆನಿಗೆ ದೊಡ್ಡ ಮರಳು ಹಾಸು ಕಟ್ಟಿದ. 1852ರ ಕಾಯಿದೆ ಲಂಡನ್ನಿನ ಮನೆಗಳಿಗೆ ಕೊಡುವ ನದಿ ನೀರನ್ನು ಸೋಸಲೇಬೇಕು ಎಂದಿತು. ತಮಾಷೆ ನೋಡಿ, ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎನ್ನುವುದು ಆಗಿನ್ನೂ ಸಾಬೀತೇ ಆಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಕಣ್ಣಿಗೆ ತಿಳಿಯಾದ ನೀರು.

ಸಾಕ್ಷಿ ಸಿಕ್ಕಿದ್ದು 1892ರಲ್ಲಿ, ಜರ್ಮನಿಯಲ್ಲಿ. ಹ್ಯಾಂಬರ್ಗ್, ಅಲ್ಟೋನಾ ಅಕ್ಕಪಕ್ಕದ ಊರುಗಳು. ಎರಡಕ್ಕೂ ಎಲ್ಬೆ ನದಿಯದ್ದೇ ನೀರು. ಹ್ಯಾಂಬರ್ಗ್ ಸೋಸದೆ ಕುಡಿಯುತ್ತಿತ್ತು. ಕೆಳಗಿದ್ದ ಅಲ್ಟೋನಾಕ್ಕೆ ಹ್ಯಾಂಬರ್ಗಿನ ಚರಂಡಿ ಸೇರಿದ ನೀರು, ಆದರೆ ಅವರು ಮರಳಿನಲ್ಲಿ ಸೋಸುತ್ತಿದ್ದರು. ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ ಸುಮಾರು 8,600 ಮಂದಿ ಸತ್ತರು. ಅಲ್ಟೋನಾದಲ್ಲಿ ಅಷ್ಟಾಗಿ ಹಬ್ಬಲಿಲ್ಲ. ರಾಬರ್ಟ್ ಕಾಖ್ ಇದನ್ನೇ ಎತ್ತಿ ತೋರಿಸಿದ. 1893ರಲ್ಲಿ ಹ್ಯಾಂಬರ್ಗಿನಲ್ಲೂ ಸೋಸುವ ವ್ಯವಸ್ಥೆ ಶುರುವಾಯಿತು.

ಕಾಲರಾ ರೋಗಾಣು ಮರಳಿನ ಕಣಗಳ ಸಂದಿಗಿಂತ ಎಷ್ಟೋ ಸಣ್ಣದು. ಹಾಗಾದರೆ ತಡೆದದ್ದು ಯಾರು? ಅದೇ ಲೋಳೆ. ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಬಂದ ರೋಗಾಣುಗಳನ್ನು ಹಿಡಿದು ತಿನ್ನುತ್ತವೆ. ಅದು ಬಲಿಯಲು ಕೆಲವು ವಾರ ಬೇಕು, ಮರಳು ಒಣಗಬಾರದು, ನೀರು ಗಂಟೆಗೆ 10ರಿಂದ 20 ಸೆಂಟಿಮೀಟರಿನಷ್ಟು ಮಾತ್ರ ಇಳಿಯಬೇಕು. ನೀರು ಇಳಿಯುವುದು ತೀರಾ ನಿಧಾನವಾದಾಗ ಮಾತ್ರ ಮೇಲಿನ ಒಂದೆರಡು ಸೆಂಟಿಮೀಟರ್ ಕೆರೆದು ತೆಗೆಯುವುದು. ಕೆರೆದ ಮೇಲೆ ಮತ್ತೆ ಬಲಿಯುವ ತನಕ ಆ ನೀರನ್ನು ನಂಬುವಂತಿಲ್ಲ. ನನ್ನ ಡ್ರಮ್ಮು ಪ್ರತಿ ವಾರವೂ ಮೊದಲ ದಿನಕ್ಕೇ ವಾಪಸ್ಸು ಬರುತ್ತಿತ್ತು ನೋಡಿ!

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಹೊಯಿಗೆ ತೋಡಿ ಒರತೆಯ ನೀರು ತರುತ್ತಿದ್ದದ್ದು ನಮ್ಮ ಕಡೆಯ ಹಿರಿಯರಿಗೆ ನೆನಪಿರಬಹುದು. ಹೊಳೆಯ ಹೊಯಿಗೆಯೂ ಒಂದು ಸೋಸುವ ಹಾಸೇ. ಈಗ ಲಾರಿಯಲ್ಲಿ ಹೊಯಿಗೆ ಹೋಗುವುದು ನೋಡಿದರೆ ನೇತ್ರಾವತಿಯ ಸೋಸಣಿಯನ್ನೇ ಹೊತ್ತೊಯ್ದಂತೆ ಕಾಣುತ್ತದೆ.

ಡ್ರಮ್ಮು ಇನ್ನೂ ಇದೆ. ಲೋಳೆಯನ್ನು ನಾನು ಮುಟ್ಟುವುದಿಲ್ಲ. ಹಾಂ, ಕುದಿಸುವುದನ್ನು ಅಮ್ಮ ಬಿಟ್ಟಿಲ್ಲ... ಬಿಡಿ ಅಂತ ನಾನೂ ಹೇಳುವುದಿಲ್ಲ :)