ಉಪ್ಪಿನ ಸರೋವರಕ್ಕೆ ಹೊರಡುವ ಮುನ್ನ

ನಿವೃತ್ತನಾದ ಮೇಲೆ ನಮ್ಮ ಮನೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಂದು ಬಜೆಟ್ ಅಧಿವೇಶನ ನಡೆಯುತ್ತದೆ. ದೆಹಲಿಗೆ ಬಂದು ಮೂವತ್ತು ವರ್ಷ ದಾಟಿದರೂ ಬೇಸಿಗೆಯ ಖರ್ಚು ಅಂದರೆ ತುಮಕೂರಿನ ಖರ್ಚು ಅಂತಲೇ ಲೆಕ್ಕ. ಈ ಸಲ ನಾನು "ಲಡಾಖ್" ಅಂದೆ. "ಅಲ್ರೀ, ಎದೆಗೆ ಸ್ಟೆಂಟ್ ಹಾಕಿಸ್ಕೊಂಡಿರೋರಿಗೆ ಆ ಎತ್ತರ ಯಾಕ್ರೀ ಬೇಕು?" ಅಂದಳು ಮನೆಯಾಕೆ. ಊರಿನಿಂದ ಅಣ್ಣ ಫೋನಿನಲ್ಲಿ, "ಜಾತ್ರೆಗೂ ಬರಲ್ವೇನೋ? ಅಲ್ಲಿ ನಿನ್ನೋರು ಅನ್ನೋರು ಯಾರಿದ್ದಾರೋ?" ಎಂದ.

ಇದ್ದಾರೆ, ಒಬ್ಬರು. ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ನಮ್ಮ ಶಾಖೆಗೆ ಕೆಂಪು ನಿಲುವಂಗಿಯ ಲಾಮಾ ಒಬ್ಬರು ಡಿಮ್ಯಾಂಡ್ ಡ್ರಾಫ್ಟ್ ಮಾಡಿಸಲು ಬಂದಿದ್ದರು. ನಾನು ಫೋನಿನಲ್ಲಿ ಮನೆಯವಳೊಂದಿಗೆ ಮಾತಾಡುತ್ತಿದ್ದೆ. ಕೇಳಿಸಿಕೊಂಡ ಅವರು, "ನೀವ್ ಕನ್ನಡದವ್ರೇನ್ರಿ ಸರ?" ಅಂದರು. ನಾನು ರಿಸೀವರ್ ಕೆಳಗಿಡುವುದನ್ನೇ ಮರೆತೆ. ಲಡಾಖಿನವರು, ಒಂಬತ್ತನೇ ವಯಸ್ಸಿಗೇ ಮುಂಡಗೋಡಿನ ಮಠ ಸೇರಿದವರು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟಿನ ನಿರಾಶ್ರಿತರಿಗೆ ನಮ್ಮ ರಾಜ್ಯ ನೆಲ ಕೊಟ್ಟಿತಷ್ಟೆ. ಅವರ ಹಿಂದೆಯೇ ಅವರ ದೊಡ್ಡ ಮಠಗಳೂ ಬಂದವು. ಓದಲೆಂದು ಲಡಾಖಿನ ಹುಡುಗರೂ ಬಂದರು. "ದಿಲ್ಲ್ಯಾಗ ಶೇಂಗಾ ಚಟ್ನಿ ಸಿಗೂದಿಲ್ರಿ" ಎಂದು ನಕ್ಕು, "ನಮ್ಮೂರಿಗೊಮ್ಮೆ ಬರ್ರಿ, ಉಪ್ಪಿನ ಸರೋವರ ತೋರಸ್ತೀನಿ" ಅಂದಿದ್ದರು. ಬರ್ತೀನಿ ಅಂದಿದ್ದೆ. ಆ ಮಾತು ಬಾಕಿ ಉಳಿದಿದೆ.

ಬಾಕಿ ತೀರಿಸುವ ಮುನ್ನ ಖಾತೆಯ ಇತಿಹಾಸ ನೋಡುವುದು ಬ್ಯಾಂಕಿನವರ ಅಭ್ಯಾಸ. ಹಾಗೆ ನೋಡಿದಾಗ ತಿಳಿದದ್ದು: ಲಡಾಖ್ ಅನ್ನುವುದು ಮೂಲೆಯಲ್ಲ, ಒಂದು ಕಾಲದ ಪೇಟೆಬೀದಿ. ಚಾಂಗ್‌ತಾಂಗ್ ಪ್ರಸ್ಥಭೂಮಿಯ ಚಾಂಗ್ಪಾ ಕುರಿಗಾಹಿಗಳು ತ್ಸೋ ಕಾರ್ ಸರೋವರದ ದಡದಿಂದ ಉಪ್ಪು ತುಂಬಿ ಕುರಿ, ಮೇಕೆಗಳ ಬೆನ್ನ ಮೇಲೆ ಹೇರಿ ಕೆಳಗಿನ ಕಣಿವೆಗಳಿಗೆ ತರುತ್ತಿದ್ದರು. ವಾಪಸು ಬಾರ್ಲಿ ಒಯ್ಯುತ್ತಿದ್ದರು. ಅದೇ ಮೇಕೆಗಳ ಒಳಗೂದಲೇ ಪಶ್ಮೀನಾ. ಅದು ಕಾಶ್ಮೀರಕ್ಕೆ ಹೋಗಿ ಶಾಲಾಗುತ್ತಿತ್ತು. ಆ ಉಣ್ಣೆಗಾಗಿ ಯುದ್ಧಗಳೂ ಆದವು, ಒಪ್ಪಂದಗಳೂ ಆದವು.

1684ರ ತಿಂಗ್ಮೋಸ್‌ಗಾಂಗ್ ಒಪ್ಪಂದವನ್ನೇ ನೋಡಿ. ಟಿಬೆಟಿಗೂ ಲಡಾಖಿಗೂ ಯುದ್ಧ ಮುಗಿದ ಮೇಲೆ ಆದ ಕರಾರು ಅದು. ಅದರ ಪ್ರಕಾರ ಲೇಹ್‌ನಿಂದ ಮೂರು ವರ್ಷಕ್ಕೊಮ್ಮೆ ಲಾಸಾಕ್ಕೆ ಕಾಣಿಕೆಯ ತಂಡ ಹೋಗಬೇಕು. ಅದಕ್ಕೆ ಲೋಪ್‌ಚಾಕ್ ಎಂದು ಹೆಸರು. ಲಾಸಾದಿಂದ ಚಹಾದ ಹೇರು ಬರಬೇಕು. ಬೌದ್ಧ ರಾಜನ ಕಾಣಿಕೆಯನ್ನು ಬೌದ್ಧರ ಲಾಸಾಕ್ಕೆ ಒಯ್ಯುತ್ತಿದ್ದವರು ಯಾರು ಗೊತ್ತೆ? ಬಹಳ ಕಾಲ ಲೇಹ್‌ನ ಮುಸ್ಲಿಂ ವ್ಯಾಪಾರಿ ಮನೆತನಗಳವರು. ತಿಂಗಳುಗಟ್ಟಲೆ ದಾರಿ, ಜೊತೆಗೆ ಇನ್ನೊಬ್ಬರ ಸರಕು. ಜಾಮೀನು ಅನ್ನುವುದಿದ್ದರೆ ಅದು ಮನೆತನದ ಹೆಸರು ಮಾತ್ರ. ಸಾಲದ ಫೈಲುಗಳಲ್ಲೇ ಆಯುಷ್ಯ ಕಳೆದ ನನಗೆ ಇದು ದೊಡ್ಡ ವಿಷಯವಾಗಿ ಕಂಡಿತು.

ಬೆರಕೆ ಅರಮನೆಯಲ್ಲೂ ಇತ್ತು. ಲೇಹ್‌ನ ಒಂಬತ್ತು ಅಂತಸ್ತಿನ ಅರಮನೆ ಕಟ್ಟಿಸಿದ ಸೆಂಗ್ಗೆ ನಮ್ಗ್ಯಾಲನ ತಾಯಿ ಗ್ಯಾಲ್ ಖಾತುನ್, ಸ್ಕರ್ದುವಿನ ಬಲ್ತಿ ಮುಸ್ಲಿಂ ರಾಜಕುಮಾರಿ. ಕಾರಕೋರಂ ಕಣಿವೆ ದಾಟಿ ಯಾರ್ಕಂದ್‌ನಿಂದ ಬರುತ್ತಿದ್ದ ವರ್ತಕರು, ಕಾಶ್ಮೀರಿಗಳು ಇಲ್ಲಿನ ಹೆಣ್ಣುಗಳನ್ನು ಮದುವೆಯಾಗಿ ನಿಂತರು. ಅವರ ಸಂತತಿಯವರು ಅರ್ಗೋನರು. ಹೋಶಿಯಾರ್‌ಪುರದ ಪಂಜಾಬಿ ಲಾಲಾಗಳೂ ಅಂಗಡಿ ಇಟ್ಟರು. ನಮ್ಮಂತೆ ಹೊಟ್ಟೆಪಾಡಿಗೆ ಬಂದು ಉಳಿದವರು ಅಲ್ಲಿ ಎಷ್ಟೋ ಜನ.

ಎಲ್ಲವೂ ಹಾಲುಜೇನಿನಂತೆ ಇತ್ತು ಎಂದರೆ ಲೆಕ್ಕ ತಿದ್ದಿದಂತಾಗುತ್ತದೆ. 1834ರಲ್ಲಿ ಜಮ್ಮುವಿನ ದೋಗ್ರಾ ಸೇನಾಪತಿ ಜೋರಾವರ್ ಸಿಂಗ್ ದಂಡೆತ್ತಿ ಬಂದ. ಲಡಾಖಿನ ಸ್ವತಂತ್ರ ಅರಸೊತ್ತಿಗೆ ಮುಗಿಯಿತು. ಟಿಬೆಟಿಗೂ ನುಗ್ಗಿದ ಆತ 1841ರ ಡಿಸೆಂಬರಿನ ಹಿಮದಲ್ಲಿ ಅಲ್ಲೇ ಸತ್ತ. ಮರುವರ್ಷ ರಾಜಿಯಾಗಿ ಹಳೆಯ ಗಡಿ, ಹಳೆಯ ವ್ಯಾಪಾರ ಎರಡೂ ಮುಂದುವರಿದವು. ಇನ್ನೂ ಹತ್ತಿರದ್ದು ಹೇಳಬೇಕೆಂದರೆ, 1989ರಲ್ಲಿ ಲೇಹ್‌ನ ಬೌದ್ಧ ಸಂಘಟನೆ ಮುಸ್ಲಿಮರ ಮೇಲೆ ಸಾಮಾಜಿಕ ಬಹಿಷ್ಕಾರ ಹೇರಿತು; ಅದು ತೆರವಾದದ್ದು 1992ರಲ್ಲಿ. ಅದೇ 1989ರಲ್ಲಿ ಬಲ್ತಿ, ಬ್ರೋಕ್ಪಾ, ಚಾಂಗ್ಪಾ, ಮೋನ್, ಪುರಿಗ್ಪಾ ಮುಂತಾದ ಎಂಟು ಸಮುದಾಯಗಳು ಪರಿಶಿಷ್ಟ ಪಂಗಡಗಳೆಂದು ಮಾನ್ಯವಾದವು.

ಪೇಟೆಬೀದಿ ಮೂಲೆಯಾದದ್ದು ಗಡಿ ಮುಚ್ಚಿದ ಮೇಲೆ. 1949ರಲ್ಲಿ ಯಾರ್ಕಂದ್ ದಾರಿ ನಿಂತಿತು; ಹತ್ತು ವರ್ಷದಲ್ಲಿ ಟಿಬೆಟಿನ ದಾರಿಯೂ ಕಟ್ಟಿತು. 1962ರ ನವೆಂಬರ್ 18ರಂದು ಚುಶೂಲ್ ಬಳಿಯ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವೂ ಕಂಪನಿಯ ನೂರಕ್ಕೂ ಹೆಚ್ಚು ಯೋಧರು ಪ್ರಾಣ ಕೊಟ್ಟರು. ಪ್ರವಾಸಿಗರಿಗೆ ಲಡಾಖ್ ತೆರೆದದ್ದು 1974ರಲ್ಲಿ. 2009ರಲ್ಲಿ ಒಂದು ಹಿಂದಿ ಸಿನಿಮಾ ಬಂದದ್ದೇ ತಡ, ಅದರಲ್ಲಿ ಕಂಡ ಪಾಂಗಾಂಗ್ ಸರೋವರಕ್ಕೆ ಜನ ಮುಗಿಬಿದ್ದರು. 2011ರ ಜನಗಣತಿಯಂತೆ ಇಡೀ ಲಡಾಖಿನ ಜನಸಂಖ್ಯೆ 2,74,289. ಹಿಮ ಕರಗಿದ ನೀರನ್ನೇ ನೆಚ್ಚಿಕೊಂಡ ನೆಲ ಅದು. ಬಕೆಟ್ಟುಗಟ್ಟಲೆ ನೀರು ಸುರಿದುಕೊಳ್ಳುವ ಅತಿಥಿ ಅಲ್ಲಿ ಆದಾಯವೂ ಹೌದು, ಹೊರೆಯೂ ಹೌದು.

2019ರಲ್ಲಿ ಲಡಾಖ್ ಶಾಸನಸಭೆಯಿಲ್ಲದ ಕೇಂದ್ರಾಡಳಿತ ಪ್ರದೇಶವಾಯಿತು. ಆಮೇಲೆ ರಾಜ್ಯದ ಸ್ಥಾನ ಬೇಕು, ಆರನೇ ಪರಿಚ್ಛೇದದ ರಕ್ಷಣೆ ಬೇಕು ಎಂದು ಲೇಹ್‌ನ ಬೌದ್ಧರೂ ಕಾರ್ಗಿಲ್‌ನ ಮುಸ್ಲಿಮರೂ ಒಟ್ಟಿಗೆ ದನಿ ಎತ್ತಿದರು. 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ನಾಲ್ವರು ಸತ್ತರು. ಪೇಪರಿನಲ್ಲಿ ಓದಿದ ದಿನ ಆ ಲಾಮಾ ಅವರ ಮುಖ ನೆನಪಾಯಿತು. ಊರು ಬಿಟ್ಟು ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ: ತನ್ನ ನೆಲದಲ್ಲಿ ತನ್ನ ಮಾತು ನಡೆಯಬೇಕೆಂಬ ಆಸೆ ಸಣ್ಣದಲ್ಲ.

ಈಗ ಪ್ರವಾಸದ ಲೆಕ್ಕ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಸುಮ್ಮನೆ ಮಲಗಿರಬೇಕು, ನನ್ನಂಥವರು ಮೂರು. ಗಡಿಭಾಗದ ಪರವಾನಗಿಯ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ವಿಚಾರಿಸಿಕೊಳ್ಳಬೇಕು. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ ಡಾಕ್ಟರು, "ಲೇಹ್‌ಗೆ ಹೋಗಿ ಬನ್ನಿ, ಅದಕ್ಕಿಂತ ಮೇಲೆ ಬೇಡ" ಅಂದರು. ಸರೋವರಗಳೆಲ್ಲ 4,200 ಮೀಟರಿಗಿಂತ ಮೇಲಿವೆ. ಅಲ್ಲಿಗೆ ಮುಗಿಯಿತು.

"ಸರೋವರಾನೇ ನೋಡ್ದಿದ್ಮೇಲೆ ಯಾಕೋ ಹೋಗೋದು?" ಅಂದ ಅಣ್ಣ. ಅರಮನೆಯ ಬುಡದಲ್ಲಿರುವ ಮಸೀದಿ, ಯಾರ್ಕಂದಿನ ಕುದುರೆಗಳು ಬಂದು ನಿಲ್ಲುತ್ತಿದ್ದ ಬಜಾರು ನೋಡಬೇಕು ಅಂದೆ. ಇನ್ನೊಂದನ್ನು ಹೇಳಲಿಲ್ಲ. ಆ ಲಾಮಾ ಯಾವ ಊರಿನವರೆಂದು ಅವತ್ತು ಕೇಳಿರಲೇ ಇಲ್ಲ. ಈಗ ಇದ್ದಾರೋ ಇಲ್ಲವೋ. ಮುಂಡಗೋಡಿನಲ್ಲಿ ಓದಿದ ಬೇರೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಮನೆಯಾಕೆ ಗೊಣಗುತ್ತಲೇ ಅರ್ಧ ಕೆಜಿ ಶೇಂಗಾ ಹುರಿಯಲು ಕೂತಿದ್ದಾಳೆ.