ಇಪ್ಪತ್ತು ದೋಣಿಗಳು ಹೊರಟ ಊರು



ಸೆಪ್ಟೆಂಬರ್ 14 ಪವಿತ್ರ ಶಿಲುಬೆಯ ವಿಜಯೋತ್ಸವ. ಈ ಹಬ್ಬವನ್ನು ಬಹು ಸಂಭ್ರಮದಿಂದ ಆಚರಿಸುವ ಕಡಲತೀರದ ಹಳ್ಳಿಯೊಂದು ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯಲ್ಲಿದೆ. ಅದರ ಹೆಸರು ಮಣಪ್ಪಾಡು. ತಿರುಚೆಂದೂರಿನಿಂದ ದಕ್ಷಿಣಕ್ಕೆ ಸುಮಾರು 18 ಕಿ.ಮೀ. ದೂರ.

ಮಣಪ್ಪಾಡಿಗೆ ಹೋದ ನಮ್ಮನ್ನು ಮೊದಲು ಸೆಳೆದದ್ದು ಅಲ್ಲಿಯ ಚೆಲುವು. ಒಂದು ಕಡೆ ತೆರೆಗಳು ಅಪ್ಪಳಿಸುವ ಕಡಲು, ಇನ್ನೊಂದು ಕಡೆ ಶಾಂತವಾದ ಹಿನ್ನೀರು, ನಡುವೆ ಸಮುದ್ರದೊಳಕ್ಕೆ ಚಾಚಿದ ಮರಳು ದಿಬ್ಬ. ಆ ದಿಬ್ಬದ ಮೇಲೆ 1581ರಲ್ಲಿ ಕಟ್ಟಿದ ಪವಿತ್ರ ಶಿಲುಬೆಯ ದೇವಾಲಯ. ಅದರ ಬುಡದಲ್ಲಿ ಕಡಲಿಗೆ ಮುಖ ಮಾಡಿದ ಒಂದು ಗುಹೆ. ಸಂತ ಫ್ರಾನ್ಸಿಸ್ ಕ್ಸೇವಿಯರ್‌ರವರು ಅಲ್ಲಿ ತಂಗಿ ಪ್ರಾರ್ಥಿಸುತ್ತಿದ್ದರೆಂಬುದು ಊರಿನವರ ನಂಬಿಕೆ. ಮಧ್ಯಾಹ್ನ ಅನ್ನದೊಡನೆ ಬಿಸಿ ಮೀನಿನ ಸಾರು ಉಂಡೆವು; ಹತ್ತಿರದ ಉಡಂಗುಡಿಯ ಹೆಸರಾಂತ ತಾಳೆಬೆಲ್ಲ ಹಾಕಿದ ಕಾಫಿ ಕುಡಿದೆವು. ಆದರೆ ಈ ಊರಿನ ಇತಿಹಾಸ ಓದಿದವರಿಗೆ ಅಲ್ಲಿ ಉಂಡ ಅನ್ನ ಬೇರೊಂದು ಕಥೆಯನ್ನು ನೆನಪಿಸುತ್ತದೆ.

ಈ ಕರಾವಳಿಯ ಪರವರು ಸಮುದ್ರದ ತಳಕ್ಕೆ ಮುಳುಗಿ ಮುತ್ತಿನ ಚಿಪ್ಪು ತೆಗೆಯುತ್ತಿದ್ದವರು. ಮುತ್ತಿನ ಹಕ್ಕಿಗಾಗಿ ನಡೆದ ಜಗಳಗಳಲ್ಲಿ ನೊಂದು, ಪೋರ್ಚುಗೀಸರ ರಕ್ಷಣೆ ಬೇಡಿ, 1536–37ರ ಸುಮಾರಿಗೆ ಅವರು ಸಾವಿರಾರು ಸಂಖ್ಯೆಯಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಕಲಿಸುವವರಿರಲಿಲ್ಲ. 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿಳಿದ ಸಂತರು ಅದೇ ವರ್ಷ ಇತ್ತ ಬಂದರು. ತಮಿಳು ಬಾರದ ಅವರು ಎರಡೂ ಭಾಷೆ ಬಲ್ಲವರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿ, ಬಾಯಿಪಾಠ ಮಾಡಿ, ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿ ಸುತ್ತಿ ಮಕ್ಕಳನ್ನು ಕೂಡಿಸಿದರು.

1544ರ ಜೂನ್‌ನಲ್ಲಿ ಕನ್ಯಾಕುಮಾರಿಯ ಕಡೆಯಿಂದ ಕೆಟ್ಟ ಸುದ್ದಿ ಬಂತು. ಪೋರ್ಚುಗೀಸರು 'ಬಡಗರು' ಎಂದು ಕರೆಯುತ್ತಿದ್ದ ಸೈನಿಕರು ಪರವರ ಊರುಗಳ ಮೇಲೆ ಬಿದ್ದಿದ್ದರು. ಬಡಗು ಎಂದರೆ ಉತ್ತರ; ಇವರು ನೀಲಗಿರಿಯ ಬಡಗರಲ್ಲ, ಉತ್ತರದಿಂದ ಬಂದ ವಿಜಯನಗರದ ಕಡೆಯ ದಂಡಿನವರು. ಜನ ಪ್ರಾಣ ಉಳಿಸಿಕೊಳ್ಳಲು ಸಮುದ್ರದ ಬಂಡೆಗಳಿಗೆ ಓಡಿ, ಅಲ್ಲಿ ಹಸಿವು ಬಾಯಾರಿಕೆಗಳಿಂದ ಸಾಯುತ್ತಿದ್ದರು.

ಸಂತರು ಮಣಪ್ಪಾಡಿನಿಂದ ಇಪ್ಪತ್ತು ದೋಣಿಗಳಲ್ಲಿ ಆಹಾರ ತುಂಬಿಸಿಕೊಂಡು ಹೊರಟರು. ಎದುರುಗಾಳಿ ಬಿಡಲಿಲ್ಲ. ದೋಣಿಗಳು ಮುಟ್ಟಲಾರದೆ ಹಿಂದಿರುಗಿದವು. ಅವರು ಸುಮ್ಮನಾಗದೆ ನೆಲದ ದಾರಿ ಹಿಡಿದು ನಡೆದೇ ಹೋದರು. ತಾವು ಕಂಡದ್ದನ್ನು ಆಗಸ್ಟ್ 1ರಂದು ಮಣಪ್ಪಾಡಿನಿಂದ ತಮ್ಮ ಜೊತೆಗಾರ ಮಾನ್ಸಿಲ್ಯಾಸ್‌ರಿಗೆ ಬರೆದರು: ಉಣ್ಣಲು ಏನೂ ಇಲ್ಲದವರು, ನಡೆಯಲಾಗದ ಮುದುಕರು, ದಾರಿಯಲ್ಲೇ ಹೆತ್ತ ತಾಯಂದಿರು. ಆ ಬಡವರು ಮಣಪ್ಪಾಡಿಗೆ ಬಂದು ಸೇರಿದ್ದರು. ಉಳ್ಳವರ ಮನಸ್ಸು ಕರಗಲೆಂದು ದೇವರನ್ನು ಬೇಡಿರಿ ಎಂದು ಸಂತರು ಕೇಳಿಕೊಂಡರು.

ಈ ಕೊನೆಯ ಮಾತು ನಮ್ಮನ್ನು ತಟ್ಟಿತು. ದೀಕ್ಷಾಸ್ನಾನ ಆಗಿತ್ತು, ಪ್ರಾರ್ಥನೆ ಬಾಯಿಗೆ ಬಂದಿತ್ತು. ಆದರೂ ಉಳ್ಳವರ ಮನಸ್ಸು ಕರಗಲು ಬೇರೆಯೇ ಪ್ರಾರ್ಥನೆ ಬೇಕಾಗಿತ್ತು. ಮಣಪ್ಪಾಡಿನ ನಿಜವಾದ ಪರೀಕ್ಷೆ ನಡೆದದ್ದು ಬಾಗಿಲಿಗೆ ಹಸಿದವರು ಬಂದು ನಿಂತ ಆ ದಿನಗಳಲ್ಲಿ.

ನಾವೂ ಹಬ್ಬ ಮಾಡುತ್ತೇವೆ. ತೇರು ಸಿಂಗರಿಸುತ್ತೇವೆ, ಬಲಿಪೂಜೆ ಮುಗಿಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತೇವೆ. ಆ ದಿನ ನಮ್ಮ ಬೀದಿಯಲ್ಲಿ ಒಲೆ ಹಚ್ಚದ ಮನೆ ಯಾವುದೆಂದು ವಿಚಾರಿಸುತ್ತೇವೆಯೇ? ಎದುರುಗಾಳಿ ಬಂದರೆ, 'ಪ್ರಯತ್ನಪಟ್ಟೆವು, ಆಗಲಿಲ್ಲ' ಎಂದು ದೋಣಿ ಹಿಂದಿರುಗಿಸಿ ಸುಮ್ಮನಾಗುತ್ತೇವೆಯೇ? ಶಿಲುಬೆಗೆ ಮುತ್ತಿಡುವುದು ಸುಲಭ. ಶಿಲುಬೆ ಹೊತ್ತವನಿಗೆ ಹೆಗಲು ಕೊಡುವುದು ಕಷ್ಟ.

ಸಂತ ಫ್ರಾನ್ಸಿಸರು 1552ರ ಡಿಸೆಂಬರ್ 3ರಂದು ಚೀನಾದ ಹೊಸ್ತಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಮಣಪ್ಪಾಡಿನ ದಿಬ್ಬದ ಮೇಲೆ ನಿಂತು ಕಡಲು ನೋಡಿದಾಗ ಅಂದು ಹಿಂದಿರುಗಿದ ಇಪ್ಪತ್ತು ದೋಣಿಗಳೇ ನಮ್ಮ ಕಣ್ಣಮುಂದೆ ಬಂದವು. ಈ ಹಬ್ಬಕ್ಕೆ ನಮ್ಮ ಅಡುಗೆಮನೆಯಿಂದಲೂ ಒಂದು ಬುತ್ತಿ ನೆರೆಮನೆಯತ್ತ ಹೊರಡಲಿ.