ಸುದ್ದಿಯೂ ನಂಬಿಕೆಯೂ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಗ ಮಿಶ್ರಿಕೋಟಿಯಂಥ ಹಳ್ಳಿಗಳಲ್ಲಿ ಹತ್ತಾರು ಮಂದಿ ಒಂದೇ ರೇಡಿಯೋ ಮುಂದೆ ಕೂತು ಕೇಳುವ ಕಾಲ. ಸಂಶಯ ಬಂದರೆ ಪಕ್ಕದವರನ್ನೇ ಕೇಳಬಹುದಿತ್ತು.

2020ರಲ್ಲಿ ಎಲ್ಲರೂ ಮನೆಯೊಳಗಿದ್ದೆವು. ಅನೇಕ ಟಿ.ವಿ. ವಾಹಿನಿಗಳು ದಿನವಿಡೀ ಕೊರೊನಾಕ್ಕೆ ತಬ್ಲೀಗ್ ಜಮಾಅತನ್ನೇ ಹೊಣೆ ಮಾಡಿದವು. ಹಲವೆಡೆ ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಓಣಿಯೊಳಗೆ ಬಿಡಲಿಲ್ಲ. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಮಾಧ್ಯಮಗಳ ಪ್ರಚಾರವನ್ನು ಟೀಕಿಸಿತು. ಆರೋಪ ದಿನವೂ ಬಂದಿತ್ತು, ತೀರ್ಪು ಒಮ್ಮೆ ಬಂತು. ಮನಸ್ಸಿನಲ್ಲಿ ಉಳಿದದ್ದು ದಿನವೂ ಕೇಳಿದ್ದೇ.

ನಾವೂ ಇತರರ ಬಗ್ಗೆ ಬಂದ ಸಂದೇಶವನ್ನು ವಿಚಾರಿಸದೆ ಮುಂದಕ್ಕೆ ಕಳಿಸುತ್ತೇವೆ. ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬುದು ಸೂರಃ ಹುಜುರಾತ್‌ನ 6ನೇ ವಚನದ ಆಜ್ಞೆ. ಅದು ಮೊದಲು ನಮಗೇ.